ಹಿತ್ತಲ ಹೊಲದ ಹಸಿರು

ಗೊಬ್ಬರದಕ್ಕ ಅನ್ನುವ ಹೆಸರನ್ನು ಯಾರೋ ಗೇಲಿ ಮಾಡಲಿಕ್ಕೆಂದೇ ಇಟ್ಟಿದ್ದರು. ಅವಳು ಅದನ್ನು ಬಿರುದಿನ ಹಾಗೆ ತೊಟ್ಟುಕೊಂಡು ಓಡಾಡಿದಳು. ಹನ್ನೆರಡು ಹಸುಗಳ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಎದೆಮಟ್ಟದ ತಿಪ್ಪೆ, ಅಲ್ಲಿಂದ ಕೆಳಗೆ ಇಳಿಜಾರಿನಲ್ಲಿ ಹಿತ್ತಲ ಹೊಲ, ಹೊಲ ಮುಗಿಯುವಲ್ಲಿ ಬಾವಿ, ಬಾವಿಯಿಂದ ಮೂವತ್ತು ಹೆಜ್ಜೆಗೆ ಮನೆ. ಅಷ್ಟರೊಳಗೆ ಅವಳ ಮಾತೇ ಮಾತು. ಐವತ್ತೆಂಟು ವರ್ಷದ ಆ ಹೆಂಗಸು ಬೆಳಗೆದ್ದು ಕೊಟ್ಟಿಗೆ ಬಾಚಿ, ಸಗಣಿಯನ್ನು ತಳ್ಳುಗಾಡಿಗೆ ತುಂಬಿ, ಒಂದು ದಿನವೂ ತಪ್ಪದೆ ಹಿತ್ತಲ ಹೊಲಕ್ಕೆ ಸುರಿಯುತ್ತಿದ್ದಳು. ಸಗಣಿಯಿಂದ ಯಾರಾದರೂ ಕೆಟ್ಟದ್ದನ್ನು ಕೇಳಿದ್ದೀರಾ ಎಂದು ಅವಳು ಸವಾಲು ಹಾಕಿದರೆ, ಎದುರಿಗಿದ್ದವರು ಮೂಗು ಮುಚ್ಚಿಕೊಂಡೇ ಇಲ್ಲ ಎನ್ನಬೇಕಾಗುತ್ತಿತ್ತು.

ಯಜಮಾನರು ಇದ್ದಾಗ ಹೀಗಿರಲಿಲ್ಲ. ಅವರು ಟ್ರಾಕ್ಟರಿಗೆ ಟ್ರೈಲರ್ ಕಟ್ಟಿ, ದಿಬ್ಬ ಹತ್ತಿಸಿ, ಗೊಬ್ಬರವನ್ನು ಆಚೆ ಹೊಲಗಳಿಗೆಲ್ಲ ಹಂಚುತ್ತಿದ್ದರು. ಯಾವ ತುಂಡಿಗೆ ಎಷ್ಟು ಟ್ರೈಲರ್ ಹೋಯಿತೆಂದು ಕೊಟ್ಟಿಗೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡುತ್ತಿದ್ದರು. ಹೆಂಡತಿ ನಕ್ಕರೆ, "ಹೊಲಕ್ಕೂ ಒಂದು ಹೊಟ್ಟೆ ಇರುತ್ತೆ ಕಣೇ, ತುಂಬಿದ ಮೇಲೆ ಬಡಿಸಬಾರದು" ಎನ್ನುತ್ತಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ಟ್ರಾಕ್ಟರು ಶೆಡ್ಡಿನಲ್ಲಿ ಕೋಳಿಗಳು ಮಲಗುವ ಜಾಗವಾಗಿದೆ. ಮಗ ಹಾಲಿನ ಟ್ಯಾಂಕರ್ ಓಡಿಸುತ್ತಾನೆ, ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಾನೆ. ಹಾಗಾಗಿ ಗೊಬ್ಬರದಕ್ಕನಿಗೆ ಉಳಿದದ್ದು ತಳ್ಳುಗಾಡಿ. ತುಂಬಿದ ತಳ್ಳುಗಾಡಿಯನ್ನು ದಿಬ್ಬ ಹತ್ತಿಸುವುದು ಅವಳ ಸೊಂಟಕ್ಕೆ ಆಗುವ ಕೆಲಸವಲ್ಲ. ಇಳಿಜಾರಿನ ಕಡೆಗಾದರೆ ಅದು ತಾನೇ ಉರುಳುತ್ತದೆ. ಗಾಡಿ ಹೋದ ಕಡೆಗೆ ಅವಳೂ ಹೋದಳು. ಆರು ವರ್ಷ, ಹನ್ನೆರಡು ಹಸು, ದಿನಕ್ಕೆ ಎಂಟು ಗಾಡಿ, ಎಲ್ಲವೂ ಒಂದೇ ತುಂಡು ನೆಲಕ್ಕೆ.

ಆಚೆ ಹೊಲ ಬಿಳಿಚಿಕೊಂಡು ಬಿದ್ದಿತ್ತು. ಹಿತ್ತಲ ಹೊಲ ಮಾತ್ರ ಕಪ್ಪೇನೋ ಅನ್ನಿಸುವಷ್ಟು ಹಸಿರು. ಮೇವಿನ ಜೋಳದ ಗರಿಗಳು ಅಂಗೈ ಅಗಲ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಕಣ್ಣು ಬೀಳುತ್ತೆ ಹೋಗ್ರಪ್ಪ ಎಂದು ಬಾಯಲ್ಲಿ ಗದರಿದರೂ ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಹಸಿರನ್ನು ಕಂಡು ಹೆದರಬೇಕಾದ ದಿನವೂ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವ ಪೈಕಿಯಲ್ಲ, ಅದು ಬೇರೆ ಮಾತು.

ಮನೆಯಲ್ಲಿ ಎರಡು ತಿಂಗಳ ಮೊಮ್ಮಗಳಿದ್ದಳು, ಎಲ್ಲರ ಬಾಯಲ್ಲೂ ಪುಟ್ಟಿ. ಹೆರಿಗೆಯಾದ ಮೂರನೇ ವಾರ ಸೊಸೆಗೆ ಜೋರು ಜ್ವರ ಬಂದು ಎದೆಹಾಲು ಬತ್ತಿತ್ತು. ಇಷ್ಟು ಎಳೆಗೂಸಿಗೆ ಹಸುವಿನ ಹಾಲು ಬೇಡವೆಂದು ನರ್ಸು ಹಾಲಿನ ಪುಡಿಯ ಡಬ್ಬ ಬರೆದುಕೊಟ್ಟಿದ್ದಳು. ಹನ್ನೆರಡು ಹಸು ಕಟ್ಟಿದ ಮನೆಯ ಕೂಸಿಗೆ ಡಬ್ಬದ ಹಾಲು ಅಂದರೆ ನಗೆಪಾಟಲು. ಅದಕ್ಕಿಂತ ಹೆಚ್ಚಾಗಿ, ಸೊಸೆ ಅದನ್ನು ತನ್ನದೇ ಕೊರತೆ ಎಂದುಕೊಂಡು ಕುಗ್ಗಿಹೋಗಿದ್ದಳು. ಈ ವಿಷಯ ಹೊಸಿಲು ದಾಟಬಾರದು ಎಂದು ಅತ್ತೆ ಸೊಸೆ ತಮ್ಮ ತಮ್ಮಲ್ಲೇ ಮಾತಾಡಿಕೊಂಡರು.

ಪುಡಿ ಕಲಸುವ ನೀರಿನ ಹೊಣೆಯನ್ನು ಅತ್ತೆ ತಾನೇ ಹೊತ್ತುಕೊಂಡಳು. ನೀರು ಕುದ್ದರೆ ಸಾಲದು, ಎರಡು ಲೋಟ ಹಾಕಿದರೆ ಒಂದು ಲೋಟ ಉಳಿಯಬೇಕು, ಆಗಲೇ ಅದರೊಳಗಿನ ಕೆಟ್ಟದ್ದೆಲ್ಲ ಸಾಯುವುದು. ಇದು ಅವಳ ತಾಯಿ ಕಲಿಸಿದ ಪಾಠ. ಪಾತ್ರೆಯ ತಳದಲ್ಲಿ ಬಿಳಿ ಗಸಿ ಕಟ್ಟಿದರೆ, ನೋಡು ಎಷ್ಟು ಕೊಳೆ ಬಿಟ್ಟಿದೆ ಎಂದು ಸೊಸೆಗೆ ತೋರಿಸಿ, ಉಜ್ಜಿ ತೊಳೆದು ಬೋರಲು ಹಾಕುತ್ತಿದ್ದಳು. ಅವಳ ಜೀವ ಆ ಕೂಸಿನಲ್ಲಿತ್ತು. ಅವಳು ಕೊಟ್ಟಿಗೆಯಿಂದ ಬಂದರೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳದೆ ಪುಟ್ಟಿಯನ್ನು ಮುಟ್ಟುತ್ತಿರಲಿಲ್ಲ.

ಮೂರು ವಾರ ಮಳೆಯಿಲ್ಲದೆ ಮೇವಿನ ಜೋಳ ಗರಿ ಸುರುಟಿಕೊಂಡು ನಿಂತಿತ್ತು. ಮೊನ್ನೆ ಒಂದು ಒಳ್ಳೆ ಮಳೆ ಹೊಯ್ದು, ಎರಡೇ ದಿನಕ್ಕೆ ಹೊಲ ಮೈಕೊಡವಿ ಎದ್ದಿತು. ಬಾವಿಯ ನೀರೂ ಒಳಗೋಡೆಯ ಸಿಮೆಂಟ್ ಬಳೆಗಳ ಲೆಕ್ಕದಲ್ಲಿ ನಾಲ್ಕು ಬಳೆ ಮೇಲೆ ಬಂತು. ಆ ಎರಡು ದಿನದಿಂದಲೇ ಪುಟ್ಟಿ ಮಂಕಾದಳು. ಅಳು ಕಡಿಮೆ, ನಿದ್ದೆ ಜಾಸ್ತಿ, ತುಟಿ ಬೂದಿ ಬಣ್ಣ. ಮಳೆಯ ಥಂಡಿಗೆ ಇರಬೇಕೆಂದು ಗೊಬ್ಬರದಕ್ಕ ಇನ್ನೊಂದು ಕಂಬಳಿ ಹೊದಿಸಿದಳು. ಮಳೆನೀರು ಬೆರೆತಿದೆ, ಯಾವುದಕ್ಕೂ ಇರಲಿ ಎಂದು ನೀರನ್ನು ಇನ್ನೂ ಸ್ವಲ್ಪ ಹೊತ್ತು ಕುದಿಸಿದಳು.

ಆ ದಿನ ಬೆಳಗ್ಗೆ ಹಾಲು ಕರೆದಾದ ಮೇಲೆ ಹಿತ್ತಲ ಹೊಲದಿಂದ ಮೊದಲ ಕೊಯ್ಲು ತಂದು ಗೋದಲಿ ತುಂಬ ಹಾಕಿದಳು. ವಾರಗಟ್ಟಲೆ ಒಣಹುಲ್ಲು ಜಗಿದಿದ್ದ ಹಸುಗಳು ಮುಗಿಬಿದ್ದವು. ತಿನ್ನುವ ಸದ್ದನ್ನು ಕೇಳುತ್ತಾ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅದರಷ್ಟು ಇಂಪಾದ ಸದ್ದು ಅವಳಿಗೆ ಇನ್ನೊಂದಿರಲಿಲ್ಲ.

ಒಂದು ಗಂಟೆಯೂ ಆಗಿರಲಿಲ್ಲ, ಕರಿ ಹಸು ಕುಡಿದವರ ಹಾಗೆ ತೂರಾಡಿತು. ಬಾಯಿ ತೆರೆದು ಉಸಿರು ಎಳೆಯತೊಡಗಿತು. ಮುಂಗಾಲು ಮಡಿಸಿ ಕೂತಿತು, ಆಮೇಲೆ ಪಕ್ಕಕ್ಕೆ ವಾಲಿತು. ಅದನ್ನು ಎಬ್ಬಿಸಲು ಬಾಲ ಹಿಡಿಯುವಷ್ಟರಲ್ಲಿ ಅದರಾಚೆಯದು ಬಿತ್ತು. ಗೊಬ್ಬರದಕ್ಕ ದನದ ಡಾಕ್ಟರಿಗೆ ಫೋನು ಹಚ್ಚಿದಳು. ಪುಣ್ಯಕ್ಕೆ ಆಕೆ ಪಕ್ಕದ ಹಟ್ಟಿಯಲ್ಲೇ ಕರು ಹಾಕಿಸುತ್ತಿದ್ದಳು, ಹತ್ತು ನಿಮಿಷಕ್ಕೆ ಬಂದಳು. ಅಷ್ಟರಲ್ಲಿ ನಾಲ್ಕು ನೆಲ ಹಿಡಿದಿದ್ದವು.

ದನದ ಡಾಕ್ಟರು ನಲವತ್ತರ ಹೆಂಗಸು, ಗಟ್ಟಿ ಕೈ, ಅದಕ್ಕಿಂತ ಗಟ್ಟಿ ಮಾತು. ಬಂದವಳೇ ಕರಿ ಹಸುವಿನ ತುಟಿ ಮಡಿಸಿ ವಸಡು ನೋಡಿದಳು. ಕಿವಿಗೆ ಸೂಜಿ ಚುಚ್ಚಿ, ಬಂದ ರಕ್ತವನ್ನು ಬಿಳಿ ಬಟ್ಟೆಯ ತುಂಡಿಗೆ ಒತ್ತಿ ಗೊಬ್ಬರದಕ್ಕನ ಕೈಗೆ ಕೊಟ್ಟಳು. ಹಿಡ್ಕೊಂಡಿರಿ, ಗಾಳಿ ತಾಗಿದರೂ ಕೆಂಪಾಗುತ್ತಾ ನೋಡ್ತಿರಿ ಎಂದು ಹೇಳಿ ಪೆಟ್ಟಿಗೆ ತೆರೆದಳು. ರಕ್ತ ಕೆಂಪಾಗಲಿಲ್ಲ. ಕಾಫಿ ಡಿಕಾಕ್ಷನ್ನಿನ ಬಣ್ಣ, ಹಾಗೇ ಉಳಿಯಿತು. ಅಷ್ಟು ವರ್ಷ ಹಸು ಕಟ್ಟಿದವಳು ಕಂದು ಬಣ್ಣದ ರಕ್ತವನ್ನು ಕಂಡಿರಲಿಲ್ಲ.

ಡಾಕ್ಟರು ಶಾಯಿಯಂಥ ನೀಲಿ ಔಷಧವನ್ನು ಹಸುವಿನ ಕುತ್ತಿಗೆಯ ನರಕ್ಕೆ ಏರಿಸುತ್ತಲೇ ವಿಚಾರಣೆ ಶುರುಮಾಡಿದಳು. ಮೇವು ಯಾವ ಹೊಲದ್ದು, ಯಾವಾಗ ಕೊಯ್ದದ್ದು, ಗೊಬ್ಬರ ಎಷ್ಟು ಹಾಕಿದ್ದು. ಸ್ವಲ್ಪ ಹಾಕಿದ್ದೆ ಎಂದಳು ಗೊಬ್ಬರದಕ್ಕ.

"ತಿಪ್ಪೆ ಸಾರಿಸಬೇಡಿ ಅಕ್ಕ. ಎಷ್ಟು?"

"ಎಲ್ಲಾನೂ. ಆರು ವರ್ಷದಿಂದ ಅಲ್ಲಿಗೇ."

ಡಾಕ್ಟರು ತಲೆಯೆತ್ತಿ ಕೊಟ್ಟಿಗೆಯ ಬಾಗಿಲಿನಿಂದ ಕೆಳಗಿನ ಹೊಲವನ್ನು ನೋಡಿದಳು.

"ಗೊಬ್ಬರ ಮಿತಿ ಮೀರಿದ್ರೆ ಬೆಳೆ ಅದನ್ನ ಅರಗಿಸ್ಕೊಳ್ಳೋಕಾಗದೆ ದಂಟಲ್ಲೇ ತುಂಬಿಟ್ಕೊಳ್ಳುತ್ತೆ. ನೈಟ್ರೇಟ್ ಅಂತೀವಿ ಅದಕ್ಕೆ. ಒಣಗಿದ ಬೆಳೆಗೆ ಮಳೆ ಬಿದ್ದ ಕೂಡ್ಲೇ ಇನ್ನೂ ಏರುತ್ತೆ. ಹಸಿದ ಹಸು ಒಂದೇ ಸಲಕ್ಕೆ ತಿಂದ್ರೆ ರಕ್ತ ಉಸಿರನ್ನ ಹೊರೋದೇ ಬಿಟ್ಟುಬಿಡುತ್ತೆ. ಮೂಗಲ್ಲಿ ಗಾಳಿ ಹೋಗ್ತಾ ಇರುತ್ತೆ, ಒಳಗೆ ಉಸಿರುಕಟ್ಟಿ ಸಾಯ್ತವೆ."

ಮುಂದಿನ ಹಸುವಿನ ಕಡೆ ಸರಿಯುತ್ತಾ, ಬೆಳೆಗೂ ಹೆಚ್ಚಾದದ್ದು ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ದೀರಿ, ಕೆಳಕ್ಕೆ, ಮಳೆ ಬಂದಾಗ ನೀರಿನ ಜೊತೆ ಕೆಳಕ್ಕೆ ಎಂದಳು. ಹೇಳಿದವಳು ಅರ್ಧಕ್ಕೆ ನಿಂತಳು. ಅವಳ ಕಣ್ಣು ಹೊಲದಾಚೆಯ ಬಾವಿಕಟ್ಟೆಯ ಮೇಲೆ ಬಿದ್ದಿತ್ತು. ಆ ನೀರು ಯಾರು ಕುಡಿಯುತ್ತಾರೆ ಎಂದು ಕೇಳಿದಳು. ನಾವೇ, ಮೊದಲಿಂದ ಕುಡಿದು ಗಟ್ಟಿಮುಟ್ಟಾಗಿದ್ದೀವಿ ಎಂದಳು ಗೊಬ್ಬರದಕ್ಕ.

"ದೊಡ್ಡವರಿಗೆ ತಡೆಯುತ್ತೆ. ಆರು ತಿಂಗಳೊಳಗಿನ ಕೂಸಿಗೆ ತಡೆಯಲ್ಲ. ಮನೇಲಿ ಮೊಮ್ಮಗು ಇದೆ ಅಲ್ವಾ? ಅದಕ್ಕೆ ಈ ನೀರು ಕೊಡ್ತೀರಾ?"

ಇಲ್ಲಿ ಗೊಬ್ಬರದಕ್ಕ ಒಂದು ಮಾತು ಆಡಿದಳು. ಆಮೇಲೆ ಬದುಕಿರುವಷ್ಟು ದಿನ ಅದನ್ನು ನೆನೆದು ನಾಲಿಗೆ ಕಚ್ಚಿಕೊಂಡಳು. ಡಬ್ಬದ ಹಾಲಿನ ವಿಷಯ ಹೊಸಿಲು ದಾಟಬಾರದು ಎಂಬುದು ಎಷ್ಟು ರೂಢಿಯಾಗಿತ್ತೆಂದರೆ, ಯೋಚಿಸುವ ಮೊದಲೇ ಬಾಯಿ ಉತ್ತರ ಕೊಟ್ಟಿತ್ತು. ಮಗು ನೀರು ಕುಡಿಯಲ್ಲ, ತಾಯಿಹಾಲೇ ಎಂದುಬಿಟ್ಟಳು. ಸದ್ಯ ಎಂದು ಡಾಕ್ಟರು ನಿಟ್ಟುಸಿರು ಬಿಟ್ಟು ಮತ್ತೆ ಸೂಜಿ ಹಿಡಿದಳು. ಗೊಬ್ಬರದಕ್ಕ ಅಲ್ಲೇ ನಿಂತಿದ್ದಳು. ಕೊನೆಗೆ, ಬೇರೆ ಯಾರದೋ ವಿಷಯ ಎಂಬಂತೆ ಕೇಳಿದಳು.

"ಚೆನ್ನಾಗಿ ಕುದಿಸಿದ್ರೆ ಹೋಗುತ್ತೆ ಅಲ್ವಾ ಡಾಕ್ಟ್ರೇ?"

"ಕುದಿಸಿದ್ರೆ ನೀರು ಹೋಗುತ್ತೆ, ಅದು ಹೋಗಲ್ಲ. ಕುದಿಸಿದಷ್ಟೂ ಗಟ್ಟಿಯಾಗುತ್ತೆ."

ಎರಡು ಲೋಟಕ್ಕೆ ಒಂದು ಲೋಟ. ಮೊನ್ನೆಯಿಂದ ಅದಕ್ಕೂ ಕಡಿಮೆ. ಗೊಬ್ಬರದಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇಳಿಜಾರಿನಲ್ಲಿ ಓಡಿದಳು. ಹಿಂದಿನಿಂದ ಡಾಕ್ಟರು, ಬಕೆಟ್ ನೀರು ತನ್ನಿ, ಈ ಬಾವಿದಲ್ಲ ಎಂದು ಕೂಗುತ್ತಿದ್ದಳು. ಅದು ಕಿವಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ತಲೆಗಿಂತ ಎತ್ತರದ ಜೋಳದ ನಡುವೆ ಓಡುವಾಗ ಅಗಲ ಗರಿಗಳು ಮುಖಕ್ಕೆ ಬಡಿದವು. ಅಷ್ಟು ಮುದ್ದಿನಿಂದ ಬೆಳೆಸಿದ ಬೆಳೆ ಈಗ ಅವಳಿಗೆ ಹಾವಿನ ಹುತ್ತದಷ್ಟು ಭಯ ಹುಟ್ಟಿಸಿತು. ಹಾಲು ಕುಡಿದ ಮಕ್ಕಳೇ ಬದುಕೋದು ಕಷ್ಟ, ಇನ್ನು ವಿಷ ಕುಡಿದ ಮಕ್ಕಳು ಬದುಕ್ತವಾ ಅನ್ನುವ ಗಾದೆಯನ್ನು ಅವಳು ಯಾರ್ಯಾರಿಗೋ ತಮಾಷೆಗೆ ಎಸೆದದ್ದುಂಟು. ಈಗ ಅದು ಹೆಜ್ಜೆ ಹೆಜ್ಜೆಗೂ ತಲೆಯೊಳಗೆ ಬಡಿಯತೊಡಗಿತು.

ಮನೆಯ ಬಾಗಿಲು ಹಾರುಹೊಡೆದಿತ್ತು. ಸೊಸೆಯನ್ನು ಕೂಗಿದಳು, ಉತ್ತರವಿಲ್ಲ. ತೊಟ್ಟಿಲು ಖಾಲಿ, ಕಂಬಳಿ ನೆಲದ ಮೇಲೆ. ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ ಬಾಟಲಿ, ಅದರಲ್ಲಿ ಅರ್ಧ ಹಾಲು, ಮುಟ್ಟಿದರೆ ಆರಿ ತಣ್ಣಗಾಗಿತ್ತು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಮುಂದಿನ ಸಲದ ಹಾಲಿಗೆಂದು ಅವಳೇ ಬೆಳಗ್ಗೆ ಸಣ್ಣ ಉರಿಯಲ್ಲಿ ಇಟ್ಟುಹೋದ ನೀರು ಬತ್ತಿ ಬತ್ತಿ ತಳದಲ್ಲಿ ಒಂದು ಬೆರಳಷ್ಟು ಉಳಿದು ಕೊತಕೊತ ಅನ್ನುತ್ತಿತ್ತು. ಅಂಚಿನ ಸುತ್ತ ಬಿಳಿ ಗಸಿ. ಒಲೆ ಆರಿಸಿ, ಉಳಿದ ನೀರನ್ನು ಹೊರಗೆ ಚೆಲ್ಲಿದಳು.

ಮೊಬೈಲು ತೆಗೆದು ನೋಡಿದರೆ ಮಗನ ಏಳು ಕರೆ. ಹಸುಗಳ ನರಳಾಟದಲ್ಲಿ ಒಂದೂ ಕೇಳಿಸಿರಲಿಲ್ಲ. ತಿರುಗಿ ಮಾಡಿದಳು. ಮಗನ ದನಿ ಗುರುತೇ ಸಿಗಲಿಲ್ಲ. ಎಂಟು ಗಂಟೆಯ ಹಾಲು ಕುಡಿಯುತ್ತಿದ್ದ ಹಾಗೇ ಪುಟ್ಟಿ ನೀಲಿಗಟ್ಟಿದಳಂತೆ. ಸೊಸೆ ಕೊಟ್ಟಿಗೆಯ ಕಡೆ ಮುಖ ಮಾಡಿ ಎಷ್ಟು ಕೂಗಿದರೂ ಯಾರೂ ಓಗೊಡದೆ, ಪಕ್ಕದ ಮನೆಯವರ ಕಾರಿನಲ್ಲಿ ಪೇಟೆಯ ಆಸ್ಪತ್ರೆಗೆ ಒಯ್ದಳಂತೆ. ಮಗ ಟ್ಯಾಂಕರನ್ನು ದಾರಿಯಲ್ಲೇ ಬಿಟ್ಟು ಬಂದಿದ್ದ.

"ಆಕ್ಸಿಜನ್ ಹಾಕಿದ್ದಾರೆ ಅಮ್ಮ, ಆದ್ರೂ ಬಣ್ಣ ಬರ್ತಿಲ್ಲ. ಹೃದಯದಲ್ಲೇ ಏನೋ ತೊಂದ್ರೆ ಅಂತಿದ್ದಾರೆ. ದೊಡ್ಡಾಸ್ಪತ್ರೆಗೆ ಕಳಿಸ್ತಾರಂತೆ, ಆಂಬುಲೆನ್ಸಲ್ಲಿ ಮೂರು ಗಂಟೆ."

ಹೇಳು, ಈಗಲೇ ಹೇಳು ಎಂದು ಅವಳ ಒಳಗೆ ಯಾರೋ ಕೂಗಿದರು. ಹೇಳಬೇಕಾದದ್ದು ಎರಡೇ ಮಾತು. ಆದರೆ ಆ ಎರಡು ಮಾತಿನ ಆಚೆ ಮಗನ ಮುಖವಿತ್ತು, ಸೊಸೆಯ ಮುಖವಿತ್ತು. ಕೂಸಿಗೆ ವಿಷ ಹಾಕಿದವಳು ನೀನು ಎಂದು ಅವರು ಕೇಳುವ ಮೊದಲೇ ಅವಳಿಗೆ ಕೇಳಿಸುತ್ತಿತ್ತು. ಬರ್ತಿದ್ದೀನಿ ಎಂದಷ್ಟೇ ಹೇಳಿ ಫೋನಿಟ್ಟಳು.

ರಸ್ತೆಗೆ ಬಂದರೆ ಹಾಲಿನ ಕ್ಯಾನುಗಳ ವ್ಯಾನು ಆಗಷ್ಟೇ ಹೊರಡುತ್ತಿತ್ತು. ಅಡ್ಡ ಬಿದ್ದು ನಿಲ್ಲಿಸಿ ಹತ್ತಿದಳು. ವ್ಯಾನಿನವನು ಮಾತಿನ ಮಲ್ಲ. ಮೊಮ್ಮಗುವಿಗೆ ಹುಷಾರಿಲ್ಲ ಎಂದದ್ದಕ್ಕೆ, ಚಿಕ್ಕಮಕ್ಕಳು ಅಂದ್ಮೇಲೆ ಇದ್ದದ್ದೇ ಬಿಡಿ ಅಕ್ಕ ಎಂದು ಸಮಾಧಾನ ಹೇಳಿ, ಗೇರು ಬದಲಿಸಿ, ಅವಳ ಹಿತ್ತಲ ಹೊಲದ ಗುಣಗಾನಕ್ಕೆ ಇಳಿದ. ಈ ಸುತ್ತಿನಲ್ಲೇ ಅಂಥ ಹಸಿರು ಇಲ್ಲವಂತೆ. ಅವನ ಹೆಂಡತಿ ದಿನಾ ಅದನ್ನೇ ಹೇಳಿ ಅವನನ್ನು ಹಂಗಿಸುತ್ತಾಳಂತೆ. ಎರಡು ಗಾಡಿ ಗೊಬ್ಬರ ನಮಗೂ ಕೊಡಿ ಎಂದು ಕೇಳಿದ. ಗೊಬ್ಬರದಕ್ಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ನಿನ್ನೆಯಾಗಿದ್ದರೆ ಈ ಮಾತಿಗೆ ಒಂದು ವಾರ ಬೀಗುತ್ತಿದ್ದಳು.

ದಾರಿಯುದ್ದಕ್ಕೂ ಅವಳು ತನ್ನ ಜೊತೆಗೇ ವ್ಯಾಪಾರ ಮಾಡಿದಳು. ಡಾಕ್ಟರುಗಳು ಓದಿದವರು, ಅವರಿಗೆ ಮಶೀನುಗಳಿವೆ, ಅವರೇ ಕಂಡುಹಿಡಿದುಕೊಳ್ಳುತ್ತಾರೆ. ಹೃದಯದ ತೊಂದರೆಯೇ ಇದ್ದರೂ ಇರಬಹುದು, ದನದ ಡಾಕ್ಟರ ಮಾತು ಕೇಳಿ ಸುಮ್ಮನೆ ಮನೆ ಮುರಿದುಕೊಳ್ಳುವುದೇಕೆ. ಹೀಗೆ ಅಂದುಕೊಂಡಾಗಲೆಲ್ಲ ಮುಷ್ಟಿಯೊಳಗಿನ ಬಟ್ಟೆ ಬೆವರಿಗೆ ಒದ್ದೆಯಾಗಿ ಕೈಗಂಟುತ್ತಿತ್ತು. ಒಂದು ಸಲ ಬಿಡಿಸಿ ನೋಡಿದಳು. ರಕ್ತ ಇನ್ನೂ ಕಂದಾಗಿಯೇ ಇತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಂಡವಳು ಇನ್ನೊಬ್ಬಳು, ಅವಳಿಗೆ ಹಲ್ಲು ಕೂಡ ಬಂದಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸಿನ ಹಿಂಬದಿ ತೆರೆದು ನಿಂತಿತ್ತು. ಚಾಲಕ ಸ್ಟ್ರೆಚರಿನ ಬೆಲ್ಟು ಸರಿಮಾಡುತ್ತಿದ್ದ. ಒಳಗೆ ಉದ್ದನೆಯ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಪುಟ್ಟಿ. ಮುಖಕ್ಕಿಂತ ದೊಡ್ಡದಾದ ಮಾಸ್ಕು. ಮೈ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು, ಉಗುರುಗಳು ಅದಕ್ಕಿಂತ ಕಪ್ಪು. ಎದೆ ಮಾತ್ರ ಬಡಬಡ ಏರಿಳಿಯುತ್ತಿತ್ತು. ಮೂಗಲ್ಲಿ ಗಾಳಿ ಹೋಗ್ತಾ ಇರುತ್ತೆ ಎಂದಿದ್ದ ದನದ ಡಾಕ್ಟರ ಮಾತು ಗೊಬ್ಬರದಕ್ಕನಿಗೆ ನೆನಪಾಯಿತು. ಮಗ ಯಾವುದೋ ಕಾಗದಕ್ಕೆ ಸಹಿ ಹಾಕುತ್ತಿದ್ದ. ಮಕ್ಕಳ ಡಾಕ್ಟರು, ಮೀಸೆ ಚಿಗುರಿದ ಹುಡುಗನಂತಿದ್ದವರು, ಫೋನಿನಲ್ಲಿ ದೊಡ್ಡಾಸ್ಪತ್ರೆಯ ಜೊತೆ ಮಾತಾಡುತ್ತಿದ್ದರು.

ಗೋಡೆಗೆ ಒರಗಿ ನಿಂತಿದ್ದ ಸೊಸೆ ಅತ್ತೆಯನ್ನು ಕಂಡವಳೇ ಬಂದು ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರೂ ಉಳಿದಿರಲಿಲ್ಲ.

"ನಂದೇ ತಪ್ಪು ಅತ್ತೆ. ನಿನ್ನೆ ಮಧ್ಯಾಹ್ನ ನೀವು ಕೊಟ್ಟಿಗೇಲಿದ್ದಾಗ ಪುಟ್ಟಿಗೆ ಹಾಲಿನ ಹೊತ್ತಾಗಿತ್ತು ಅಂತ ನೀರನ್ನ ಪೂರ್ತಿ ಬತ್ತಿಸದೇನೇ ಇಳಿಸಿಬಿಟ್ಟೆ. ಒಂದು ಕುದಿ ಬಂದ ಕೂಡ್ಲೇ ಇಳಿಸಿದೆ. ನೀವು ಅಷ್ಟು ಹೇಳಿದ್ರಿ. ನಾನೇ ಅವಳಿಗೆ ಹೀಗೆ ಮಾಡಿದ್ದು."

ಗೊಬ್ಬರದಕ್ಕ ತುಂಬ ಹೊತ್ತು ನಿಂತಿದ್ದೆ ಎಂದು ಆಮೇಲೆ ಅಂದುಕೊಂಡಳು. ನಿಜವಾಗಿ ಅದು ಎರಡು ಉಸಿರಿನಷ್ಟೇ ಹೊತ್ತು. ಸುಮ್ಮನಿದ್ದರೆ ತಪ್ಪು ಈ ಹುಡುಗಿಯ ಮೇಲೆ ಉಳಿಯುತ್ತದೆ, ಅವಳು ತಾನಾಗಿಯೇ ಎತ್ತಿಕೊಂಡು ತಲೆ ಮೇಲೆ ಇಟ್ಟುಕೊಂಡಿದ್ದಾಳೆ. ಮೇಜಿನ ಮೇಲಿನ ಆ ಸ್ಲೇಟು ಬಣ್ಣದ ಪಾದ ಒಮ್ಮೆ ಅಲುಗಿತು. ಗೊಬ್ಬರದಕ್ಕನಿಗೆ ಇನ್ನು ಬೇರೆ ಯಾವ ಭಯವೂ ಕಾಣಿಸಲಿಲ್ಲ. ಸೊಸೆಯ ಕೈ ಬಿಡಿಸಿಕೊಂಡು, ಡಾಕ್ಟರ ಎದುರು ನಿಂತು, ಅವರ ಫೋನಿನ ಮೇಲೆ ತನ್ನ ಒರಟು ಕೈ ಇಟ್ಟಳು.

"ಹೃದಯ ಅಲ್ಲ ಡಾಕ್ಟ್ರೇ, ನೀರು. ನಮ್ಮ ಬಾವಿಗೆ ಗೊಬ್ಬರ ಇಳಿದಿದೆ. ಹಾಕಿದ್ದು ನಾನು. ಆ ನೀರನ್ನ ಅರ್ಧಕ್ಕರ್ಧ ಬತ್ತಿಸಿ ಕೂಸಿನ ಹಾಲಿಗೆ ಕೊಟ್ಟಿದ್ದೂ ನಾನೇ. ನಮ್ಮ ಹಸುಗಳು ಇವತ್ತು ಇದ್ರಿಂದಾನೇ ಬಿದ್ದಿದ್ದು, ಅವುಗಳಲ್ಲಿ ಒಂದರ ರಕ್ತ ಇದು, ನೋಡಿ."

ಸಿಟ್ಟಾಗಲು ಬಾಯಿ ತೆರೆದಿದ್ದ ಡಾಕ್ಟರು ಬಟ್ಟೆಯನ್ನು ನೋಡಿ ಬಾಯಿ ಮುಚ್ಚಿದರು. ಫೋನಿಟ್ಟು, ಪುಟ್ಟಿಯ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿಯನ್ನು ಬಿಳಿ ಹತ್ತಿಬಟ್ಟೆಗೆ ಒತ್ತಿದರು. ಗಾಳಿಯಲ್ಲಿ ಬೀಸಿದರು, ಊದಿದರು, ಕಿಟಕಿಯ ಬೆಳಕಿಗೆ ಹಿಡಿದರು. ಮೇಜಿನ ಮೇಲೆ ಹಸುವಿನ ರಕ್ತ, ಪಕ್ಕದಲ್ಲಿ ಕೂಸಿನ ರಕ್ತ, ಎರಡೂ ಒಂದೇ ಕಂದು. ಮಗ ತಾಯಿಯನ್ನು ನೋಡಿದ. ಯಾರೋ ಗುರುತಿಲ್ಲದ ಹೆಂಗಸನ್ನು ನೋಡಿದ ಹಾಗೆ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ, ತಗ್ಗಿಸುವ ಹಕ್ಕೂ ತನಗಿಲ್ಲ ಅನ್ನಿಸಿತು.

ನೀಲಿ ಔಷಧ ಇದೆಯಾ ಎಂದು ಡಾಕ್ಟರು ಕೇಳಿದ್ದಕ್ಕೆ ನರ್ಸು ಅವರ ಮುಖ ನೋಡಿದಳು. ಅದನ್ನು ಬಳಸಿ ಎಷ್ಟು ಕಾಲವಾಗಿತ್ತೋ. ಔಷಧದ ಕಪಾಟನ್ನು ತೆರೆದು ಒಂದೊಂದೇ ಪೆಟ್ಟಿಗೆ ಕೆಳಗಿಳಿಸತೊಡಗಿದಳು. ಗಾಜಿನ ಸೀಸೆಗಳು ಟಣಟಣ ಅಂದವು. ಮೇಲಿನ ಅರೆಯಲ್ಲಿ ಇರಲಿಲ್ಲ, ನಡುವಿನದರಲ್ಲೂ ಇರಲಿಲ್ಲ. ಗೊಬ್ಬರದಕ್ಕ ದನದ ಡಾಕ್ಟರ ಪೆಟ್ಟಿಗೆಯನ್ನು ನೆನೆದಳು, ಅಲ್ಲಿಗೆ ಹೋಗಿ ಬರಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದಳು, ಅಷ್ಟು ಹೊತ್ತು ಆ ಪುಟ್ಟ ಎದೆ ಏರಿಳಿಯುತ್ತದೆಯೇ ಎಂದು ನೋಡಿದಳು. ಕೊನೆಗೆ ಕೆಳಗಿನ ಅರೆಯ ಹಿಂಬದಿಯಿಂದ ನರ್ಸು ಎರಡು ಸಣ್ಣ ಸೀಸೆ ತೆಗೆದು, ತಾರೀಕು ಓದಿ, ಇನ್ನೂ ಒಂದು ತಿಂಗಳಿದೆ ಎಂದಳು.

ಶಾಯಿಯಂಥ ಅದೇ ನೀಲಿ, ಸೂಜಿ ಮಾತ್ರ ಕಡ್ಡಿಯಷ್ಟು ಸಣ್ಣದು. ಹನಿಹನಿಯಾಗಿ ಏರಿಸಿದರು. ಆಮೇಲೆ ಕಾಯುವುದಷ್ಟೇ. ಗೋಡೆಯ ಗಡಿಯಾರದ ಕೆಳಗೆ ಮೂವರೂ ಮೂರು ಕಡೆ ನಿಂತರು. ನಡುವೆ ದನದ ಡಾಕ್ಟರ ಫೋನು ಬಂತು. ಎರಡು ಹೋದವು, ಕರಿ ಹಸುವೂ ಸೇರಿ, ಉಳಿದ ಹತ್ತು ಎದ್ದವು ಎಂದಳು. ಗೊಬ್ಬರದಕ್ಕ ಹೂಂ ಎಂದು ಫೋನಿಟ್ಟಳು. ಕರಿ ಹಸುವನ್ನು ಕರುವಿನಿಂದ ಸಾಕಿದ್ದಳು, ಆ ದುಃಖಕ್ಕೂ ಅವಳಲ್ಲಿ ಆಗ ಜಾಗವಿರಲಿಲ್ಲ.

ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಮೂವತ್ತನೆಯ ನಿಮಿಷಕ್ಕೆ ಪುಟ್ಟಿಯ ಕಿವಿಯ ಅಂಚು ಕೊಂಚ ಕೆಂಪಾದಂತೆ ಅನ್ನಿಸಿತು, ಗೊಬ್ಬರದಕ್ಕ ಕಣ್ಣಿನ ಭ್ರಮೆ ಎಂದುಕೊಂಡಳು. ಆಮೇಲೆ ತುಟಿ. ಆಮೇಲೆ ಉಗುರು. ಕೊನೆಗೆ ಪುಟ್ಟಿ ಮಾಸ್ಕಿನೊಳಗೆ ಮುಖ ಕಿವುಚಿ, ಎರಡು ದಿನದಿಂದ ಅಳದೆ ಉಳಿಸಿಕೊಂಡದ್ದನ್ನೆಲ್ಲ ಸೇರಿಸಿ ಕಿರುಚಿದಳು. ಸೊಸೆ ಓಡಿಹೋಗಿ ಕೂಸಿನ ಮೇಲೆ ಬಗ್ಗಿದಳು. ಗೊಬ್ಬರದಕ್ಕ ಇದ್ದಲ್ಲೇ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಮೇಜಿನ ಹತ್ತಿರ ಹೋಗಲು ಧೈರ್ಯ ಬರಲಿಲ್ಲ.

ಎರಡು ದಿನ ಇಲ್ಲೇ ಇರಲಿ, ಇನ್ನು ಹೆದರಬೇಕಾಗಿಲ್ಲ ಎಂದರು ಮಕ್ಕಳ ಡಾಕ್ಟರು. ಮೂರು ಗಂಟೆ ಆಂಬುಲೆನ್ಸಿನಲ್ಲಿ ಹೋಗಿದ್ದರೆ ತಲುಪುತ್ತಿರಲಿಲ್ಲ ಎಂದೂ ಸೇರಿಸಿದರು. ಮಗ ಆಗ ಮೊದಲ ಸಲ ತಾಯಿಯ ಕಡೆ ತಿರುಗಿ, ಏನೋ ಹೇಳಲು ಹೋಗಿ, ಟ್ಯಾಂಕರಿನ ವಿಷಯ ನೋಡಿ ಬರ್ತೀನಿ ಎಂದು ಹೊರಗೆ ಹೋದ. ಸೊಸೆ ಕೂಸನ್ನು ಎದೆಗೊತ್ತಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅರ್ಧ ಗಂಟೆಯಾದ ಮೇಲೆ ತಿರುಗದೆಯೇ ಮಾತಾಡಿದಳು.

"ಇನ್ಮೇಲೆ ಅವಳ ನೀರು ನಾನೇ ನೋಡ್ಕೋತೀನಿ ಅತ್ತೆ."

ಸರಿಯಮ್ಮ ಎಂದಳು ಗೊಬ್ಬರದಕ್ಕ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಅವಳು ನಿರೀಕ್ಷಿಸಿದ್ದಳು. ಆದರೂ ಅದು ಚುಚ್ಚಬೇಕಾದ ಜಾಗಕ್ಕೇ ಚುಚ್ಚಿತು.

ಮಧ್ಯಾಹ್ನ ಕೂಸಿನ ಬಟ್ಟೆ ಬದಲಿಸುವಾಗ ಸೊಸೆ ಹೌಹಾರಿದಳು. ಒದ್ದೆಯಾದ ಬಟ್ಟೆ ಹಸಿರು ಬಣ್ಣಕ್ಕೆ ತಿರುಗಿತ್ತು, ನೀಲಿ ಬೆರೆತ ದಟ್ಟ ಹಸಿರು. ನರ್ಸು ಬಂದು ನಕ್ಕು, ಔಷಧದ ಬಣ್ಣ ಅದು, ಮೈಯಿಂದ ಹೊರಗೆ ಹೋಗ್ತಿದೆ, ಒಳ್ಳೆಯದೇ ಎಂದಳು. ಅವಳು ಹೋದ ಮೇಲೂ ಅತ್ತೆ ಸೊಸೆ ಇಬ್ಬರೂ ಆ ಬಟ್ಟೆಯನ್ನೇ ನೋಡುತ್ತಿದ್ದರು. ಹಿತ್ತಲ ಹೊಲದ ಹಸಿರೂ ಹೆಚ್ಚುಕಡಿಮೆ ಇದೇ ಬಣ್ಣ.

ತೊಳೆದು ತರ್ತೀನಿ ಕೊಡು ಎಂದು ಗೊಬ್ಬರದಕ್ಕ ಕೈ ಚಾಚಿದಳು. ಸೊಸೆ ಸ್ವಲ್ಪ ಅನುಮಾನಿಸಿ ಕೊಟ್ಟಳು. ಕಾರಿಡಾರಿನ ಕೊನೆಯಲ್ಲಿ ಒಂದು ಕಲ್ಲಿನ ತೊಟ್ಟಿ, ಅದರ ಮೇಲೆ ಹಿತ್ತಾಳೆಯ ನಲ್ಲಿ. ಬಟ್ಟೆಯನ್ನು ತೊಟ್ಟಿಯಲ್ಲಿಟ್ಟು ನಲ್ಲಿ ತಿರುಗಿಸಿದಳು. ನೀರು ಧೋ ಎಂದು ಬಂತು, ತಿಳಿಯಾದ ನೀರು, ಬಣ್ಣವಿಲ್ಲ, ವಾಸನೆಯಿಲ್ಲ. ಅವಳ ಬಾವಿಯ ನೀರೂ ಹೀಗೇ ಇತ್ತು. ಗೊಬ್ಬರದಕ್ಕ ತಟ್ಟನೆ ನಲ್ಲಿ ನಿಲ್ಲಿಸಿದಳು. ಆರು ವರ್ಷ ಸುರಿದದ್ದು ಈಗಲೂ ಆ ನೆಲದೊಳಗೆ ಇಳಿಯುತ್ತಲೇ ಇದೆ, ಇವತ್ತೂ, ಈ ಗಳಿಗೆಯಲ್ಲೂ, ಅದು ತನ್ನ ಬಾವಿಗೆ ಬಂದು ನಿಂತುಬಿಡುತ್ತದೆ ಎಂದು ಹೇಳಿದವರು ಯಾರು? ಬಾವಿಯ ಕೆಳಗಿನ ಏಳು ಮನೆಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ಬೆಳಗ್ಗೆ ಕಾರು ಕೊಟ್ಟ ಮನೆಯ ಮಗಳು ಈಗ ಎಂಟು ತಿಂಗಳ ಬಸುರಿ.

ಮೊಬೈಲು ತೆಗೆದು ಆ ಮನೆಗೆ ಫೋನು ಹಚ್ಚಿದಳು. ಅತ್ತ ಕಡೆಯವರು ಎತ್ತಿದ ಕೂಡಲೇ ಮಗು ಹೇಗಿದೆ ಎಂದು ಕೇಳಿದರು.

"ನಾನು ಗೊಬ್ಬರದಕ್ಕ. ನೀವು ಕುಡಿಯೋ ನೀರು ಎಲ್ಲಿಂದ ಬರುತ್ತೆ?"